ನವೆಂಬರ್ ಹನ್ನೆರಡಕ್ಕೆ ಗೇಟು ಮಾತಾಡುತ್ತದೆ

ಮುಚ್ಚುಮರೆ ಮಾಡುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಹಾಗಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ, ಬೇರೆ ಯಾರೂ ಹೇಳಿದ್ದು ನೆನಪಿಲ್ಲ. ಬಳ್ಳಾರಿಯ ಒಂದು ಟೇಲರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಕೂತು ರೈಸ್‌ಮಿಲ್ಲುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವನು ನಾನು, ಪಂಪಾಪತಿ. ಭತ್ತ ಹೊತ್ತ ಲಾರಿಯೋ ಟ್ರ್ಯಾಕ್ಟರೋ ಗೇಟಿಗೆ ಬಂದರೆ ಅದಕ್ಕೊಂದು ಟೋಕನ್ ಕೊಟ್ಟು, ಭತ್ತದಲ್ಲಿ ತೇವ ಎಷ್ಟಿದೆ, ಯಾವ ಗೋದಾಮಿನ ಮುಂದೆ ಇಳಿಸಬೇಕು ಅಂತ ಪರದೆಯ ಮೇಲೆ ತೋರಿಸುವುದು ಅದರ ಕೆಲಸ. ಸಿರುಗುಪ್ಪ, ಕುರುಗೋಡು ಸೇರಿ ಹತ್ತೊಂಬತ್ತು ಮಿಲ್ಲಿನವರು ನನ್ನನ್ನು ನಂಬಿದ್ದರು.

ಹೀಗಿರಲಾಗಿ ಒಂದು ದಿನ ಮೊಬೈಲಿನಲ್ಲಿ ಕೋಟು ಹಾಕಿಕೊಂಡ ಒಬ್ಬರು ಭಾಷಣ ಮಾಡುತ್ತಿದ್ದರು. ಮುಂದೆ ಏನೇನು ಹೊಸದು ತರುತ್ತೀರಿ ಅನ್ನುವುದನ್ನು ಗಿರಾಕಿಗಳ ಮುಂದೆ ಬಿಚ್ಚಿಡಬೇಕಂತೆ. ಆಗ ಅವರು ನಮ್ಮವರೇ ಆಗಿಬಿಡುತ್ತಾರಂತೆ. ಅದಕ್ಕೆ ರೋಡ್‌ಮ್ಯಾಪ್ ಅಂತ ಹೆಸರಂತೆ. ಕೇಳಿ ಮೈ ಜುಮ್ಮೆಂದಿತು. ನನ್ನಂಥ ತೆರೆದ ಮನಸ್ಸಿನವನಿಗೆ ಹೇಳಿ ಮಾಡಿಸಿದ ಕೆಲಸ!

"ಈ ವರ್ಷ ಏನೇನು ಮಾಡ್ತೀನಿ ಅಂತ ಎಲ್ಲಾ ಮಿಲ್ಲಿನವ್ರಿಗೂ ಮೊದಲs ಹೇಳಿಬಿಡ್ತೀನಿ, ಗಿರಿಜಾ" ಅಂದೆ.

ಗಿರಿಜಾ ನನ್ನ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಉತ್ತರ ಬರೆದರೆ ಸಾಲದು, ಲೆಕ್ಕ ಬಿಡಿಸಿದ ದಾರಿಯನ್ನೂ ತೋರಿಸು ಅನ್ನುವ ಪೈಕಿ.

"ಹೇಳಿದ ಮ್ಯಾಲೆ ಮಾಡಬೇಕಾಕ್ಕೈತ್ರಿ" ಅಂದಳು. "ಅಡಿಗಿಮನಿ ಫ್ಯಾನು ರಿಪೇರಿ ಮಾಡಸ್ತೀನಿ ಅಂತ ಯುಗಾದಿಗೆ ಹೇಳಿದ್ರಿ. ಯಾವ ಯುಗಾದಿ ಅಂತ ನಾ ಕೇಳಲಿಲ್ಲ, ನಂದs ತಪ್ಪು."

ಇಂಥ ಸಣ್ಣ ಮಾತಿಗೆಲ್ಲ ಕುಗ್ಗುವವನಲ್ಲ ನಾನು. ಪ್ರತಿ ಜನವರಿಗೆ ನಮ್ಮ ಕಡೆಯಿಂದ ಮಿಲ್ಲುಗಳಿಗೆ ಗೋಡೆ ಕ್ಯಾಲೆಂಡರ್ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ, ಏಕಾದಶಿ, ರಾಹುಕಾಲ ಎಲ್ಲ ಅಚ್ಚಾದ ದೊಡ್ಡ ಕ್ಯಾಲೆಂಡರು. ನನ್ನ ರೋಡ್‌ಮ್ಯಾಪನ್ನೂ ಅದರಲ್ಲೇ ಅಚ್ಚು ಹಾಕಿಸಿದರೆ? ವರ್ಷವಿಡೀ ಕಣ್ಣೆದುರಿಗೇ ಇರುತ್ತದೆ! ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

"ಬರೀ ತಿಂಗಳು ಹಾಕಿದ್ರ ಛಂದ ಕಾಣಂಗಿಲ್ಲ ಸರ್, ತಾರೀಕು ಹೇಳ್ರಿ, ಆ ಮನಿಯಾಗ ಕೂಡಸ್ತೀನಿ" ಅಂದ ಪ್ರೆಸ್ಸಿನವನು. ಛಂದ ಕಾಣಬೇಕಲ್ಲ! ಕೂತು ತಾರೀಕು ಆರಿಸಿದೆ. ಅಮಾವಾಸ್ಯೆ ಬೇಡ, ಮಂಗಳವಾರ ಬೇಡ, ರಾಹುಕಾಲ ಬೇಡ. ಎಲ್ಲವನ್ನೂ ವಿಚಾರ ಮಾಡಿದೆ, ನನ್ನ ಯೋಗ್ಯತೆಯೊಂದನ್ನು ಬಿಟ್ಟು.

"ಪೆನ್ಸಿಲ್ಲಿನಾಗ ಬರೀರಿ" ಅಂದಳು ಗಿರಿಜಾ.

"ಪ್ರೆಸ್ಸಿನಾಗ ಪೆನ್ಸಿಲ್ ಎಲ್ಲಿರತೈತಿ?" ಅಂತ ನಕ್ಕೆ. ಆ ನಗು ಈಗಲೂ ನೆನಪಿದೆ.

ಫೆಬ್ರವರಿಯದು ಸರಿಯಾಗಿ ಬಂತು. ಟೋಕನ್ನಿನ ಅಕ್ಷರ ದೊಡ್ಡದು ಮಾಡುವುದು, ಅರ್ಧ ಗಂಟೆಯ ಕೆಲಸ. ಹತ್ತೊಂಬತ್ತೂ ಕಡೆಯಿಂದ ಭಲೇ ಭಲೇ ಅಂದರು. ಏಪ್ರಿಲ್ ಒಂಬತ್ತಕ್ಕೆ ಗೇಟಿಗೆ ಬಂದ ಗಾಡಿಯ ಫೋಟೋ ತಾನೇ ತೆಗೆದುಕೊಳ್ಳುವ ಸೌಲಭ್ಯ ಬರಬೇಕಿತ್ತು. ಅವತ್ತು ಬೆಳಿಗ್ಗೆ ಏಳಕ್ಕೇ ಕುರುಗೋಡಿನ ಮಿಲ್ಲಿನ ಗಾದಿಲಿಂಗಪ್ಪನವರ ಫೋನು.

"ಪಂಪಾಪತಿಯವರ, ಕಂಪ್ಯೂಟರಿಗೆ ಹಾರ ಹಾಕೀವಿ. ಅಯ್ಯನವರು ಬಂದು ಕುಂತಾರ. ಬಂದ ಕೂಡ್ಲೆ ಕಾಯಿ ಒಡೀತೀವಿ, ಯಾವಾಗ ಬರತೈತಿ?"

ಆ ಫೋಟೋ ಇನ್ನೂ ನನ್ನ ತಲೆಯಲ್ಲೇ ಇತ್ತು. ಅಯ್ಯನವರನ್ನು ಎಷ್ಟು ಹೊತ್ತು ಕೂರಿಸುವುದು? ಗಾಬರಿಯಲ್ಲಿ ಪರದೆಯ ಬಣ್ಣ ನೀಲಿಯಿಂದ ಹಸಿರು ಮಾಡಿ ಕಳಿಸಿದೆ. ಕಾಯಿ ಒಡೆದ ಶಬ್ದ ಫೋನಿನಲ್ಲೇ ಕೇಳಿಸಿತು.

"ಬಣ್ಣ ಛಲೋ ಐತ್ರಿ" ಅಂದರು ಗಾದಿಲಿಂಗಪ್ಪ. ಆಮೇಲೆ "ಫೋಟೋ ಎಲ್ಲೈತಿ?" ಅಂದರು.

ಆಗಲೇ ತಪ್ಪಾಯಿತು ಅನ್ನಬಹುದಿತ್ತು. ಆದರೆ ನಾನು ಉಪಾಯಗಾರ. ಹೊಸ ತಾರೀಕಿನ ಸ್ಟಿಕ್ಕರ್ ಮಾಡಿಸಿ, ಹಳೆಯದರ ಮೇಲೆ ಅಂಟಿಸಿರಿ ಅಂತ ಫೋಟೋಕ್ಕೆ ಕಾದಿದ್ದ ಮಿಲ್ಲುಗಳಿಗೆಲ್ಲ ಕಳಿಸಿದೆ. ಸ್ಟಿಕ್ಕರ್ ಸ್ವಲ್ಪ ದೊಡ್ಡದಾಯಿತು. ಅದಕ್ಕೆ ತಾಗಿದ ಮುಂದಿನ ವಾರದ ಮನೆಯಲ್ಲಿದ್ದ ಅಮಾವಾಸ್ಯೆ ಅದರಡಿ ಹೋಯಿತು! ಗಾದಿಲಿಂಗಪ್ಪನವರ ಮಿಲ್ಲಿನಲ್ಲಿ ಪ್ರತಿ ಅಮಾವಾಸ್ಯೆಗೂ ಮಷೀನಿಗೆ ಪೂಜೆ ಮಾಡಿ ಕುಂಬಳಕಾಯಿ ಒಡೆಯುತ್ತಾರೆ. ಆ ತಿಂಗಳು ಒಡೆಯಲಿಲ್ಲ. ಮೂರನೇ ದಿನ ಮಷೀನಿನ ಬೆಲ್ಟು ಹರಿಯಿತು.

"ಕೆಲಸ ತಡ ಆದ್ರ ಆಗ್ಲಿ" ಅಂದರು ಅವರು, ಸಿಟ್ಟಿಗಿಂತ ಹೆಚ್ಚು ನೋವಿನಲ್ಲಿ. "ಅಮಾಸಿನs ಮುಚ್ಚಿಬಿಟ್ರಲ್ಲೋ ಮಾರಾಯ್ರ!"

ನಮ್ಮ ವಂಶದಲ್ಲಿ ಅಮಾವಾಸ್ಯೆಯನ್ನು ಮರೆಮಾಡಿದವನು ನಾನೊಬ್ಬನೇ.

ಅಷ್ಟಾದ ಮೇಲೆ ಸ್ಟಿಕ್ಕರಿನ ಸಹವಾಸ ಬಿಟ್ಟೆ. ಕ್ಯಾಲೆಂಡರಿನಲ್ಲಿ ಇನ್ನೊಂದು ದೊಡ್ಡ ಮಾತು ಉಳಿದಿತ್ತು: 'ನವೆಂಬರ್ 12. ಮಾತಾಡುವ ಗೇಟು. ಕನ್ನಡ ಮತ್ತು ತೆಲುಗಿನಲ್ಲಿ.' ಅಂದರೆ ಪರದೆಯಲ್ಲಿ ಇರುವುದನ್ನು ಕಂಪ್ಯೂಟರೇ ಓದಿ ಹೇಳುವುದು. ಅದು ನನ್ನಿಂದ ಆಗುವಂತಿರಲಿಲ್ಲ. ಅಕ್ಟೋಬರಿನಲ್ಲಿ ವಾಟ್ಸಪ್ ಗುಂಪಿನಲ್ಲಿ ಬಹಳ ಗಂಭೀರವಾಗಿ ಬರೆದೆ: 'ಅನಿವಾರ್ಯ ಕಾರಣಗಳಿಂದ ಸದರಿ ಸೌಲಭ್ಯವನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ, ಗ್ರಾಹಕರು ಸಹಕರಿಸಬೇಕು.' ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಎಷ್ಟು ಒಳ್ಳೆಯ ಜನ ಅಂದುಕೊಂಡೆ.

ವಾರ ಕಳೆದ ಮೇಲೆ ಸಿರುಗುಪ್ಪದಿಂದ ಶರಣಮ್ಮನವರು ಫೋನು ಮಾಡಿ ಒಮ್ಮೆ ಬಂದು ಹೋಗು ಅಂದರು. ಕೆಂಚನಗುಡ್ಡದ ರಸ್ತೆಗೆ ಅವರದೊಂದು ಸಣ್ಣ ಮಿಲ್ಲು. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಾರೆ. ಗಾಡಿ ಹೊರಗೆ ನಿಲ್ಲಿಸಿ ಗೇಟಿನ ಕೋಣೆಗೆ ಕಾಲಿಟ್ಟರೆ, ಅಲ್ಲಿ ಖಾಜಾಸಾಬ್ ನನ್ನ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿನಿಂದ ಒಂದೊಂದೇ ಮನೆ ಸವರುತ್ತಿದ್ದರು. ಆ ಗೇಟಿನಲ್ಲಿ ಮೂವತ್ತು ವರ್ಷದಿಂದ ಟೋಕನ್ ಕೊಡುತ್ತಾ ಬಂದವರು ಅವರು.

"ಯಾರು? ಪಂಪಾಪತಿ ಸರ್ರಾ?" ಅಂದರು, ಮುಖ ನನ್ನ ಕಡೆ ತಿರುಗಿಸದೆ. "ಇನ್ನ ಹದಿನೇಳು ಮನಿ ಉಳದಾವಲ್ರಿ?"

ಆಮೇಲೆ ಶರಣಮ್ಮ ಎಲ್ಲ ಹೇಳಿದರು. ಒಂದು ವರ್ಷದಿಂದ ಖಾಜಾಸಾಬರ ಕಣ್ಣು ಮಂಜಾಗಿತ್ತು. ಆಪರೇಷನ್ ಆದರೂ ಪೂರ್ತಿ ತಿರುಗಿ ಬರಲಿಲ್ಲ. ಪರದೆಯ ಮೇಲಿನದು ಕಾಣುವುದಿಲ್ಲ. ಸುಗ್ಗಿಗೆ ಮುಂಚೆ ಬೇರೆಯವರನ್ನು ಕೂರಿಸು ಅಂತ ಶರಣಮ್ಮನ ತಮ್ಮ ಹಟ ಹಿಡಿದಿದ್ದ. ಶರಣಮ್ಮ ಕ್ಯಾಲೆಂಡರ್ ತೋರಿಸಿ ಅವನ ಬಾಯಿ ಮುಚ್ಚಿಸಿದ್ದರು. ನವೆಂಬರ್ ಹನ್ನೆರಡಕ್ಕೆ ಮಷೀನೇ ಮಾತಾಡುತ್ತದೆ, ಅಲ್ಲಿತನಕ ಹೇಗಾದರೂ ದೂಡೋಣ, ಆಮೇಲೆ ಚಾಚಾನೇ ಕೂರಲಿ ಅಂತ.

"ಅಮ್ಮಾರ, ಅದು ಮುಂದಕ್ಕ ಹೋಗೈತ್ರಿ" ಅಂದೆ. "ವಾಟ್ಸಪ್ಪಿನಾಗ ಹಾಕಿದ್ದೆ."

"ನಾವು ವಾಟ್ಸಪ್ ನೋಡಂಗಿಲ್ಲಪಾ. ಗ್ವಾಡಿ ನೋಡತೀವಿ."

"ಅದು ಬರೀ ಅಂದಾಜು ಇತ್ರಿ."

"ಅಂದಾಜಾದ್ರ ಅಮಾಸಿ ಹುಣ್ಣಿಮಿ ಬರಿಯೋ ಹಾಳ್ಯಾಗ ಯಾಕ ಬರದಿ, ತಮ್ಮಾ?"

ಅವರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು. ಖಾಜಾಸಾಬ್ ಸ್ಟೂಲಿನ ಮೇಲೆ ಕೂತು, ಕ್ಯಾಲೆಂಡರ್ ಮುಟ್ಟಿದ ಬೆರಳನ್ನು ಪಂಚೆಗೆ ಒರೆಸಿಕೊಂಡರು. ನನಗೆ ನಾಚಿಕೆಯಾಯಿತು. ಸುಮ್ಮನೆ ಮಾತಿಗೆ ಹೇಳುವ ನಾಚಿಕೆಯಲ್ಲ, ಊಟ ಸೇರದಂಥ ನಾಚಿಕೆ. ನಾನು ಮನಸ್ಸು ಬಿಚ್ಚಿಟ್ಟೆ ಅಂತ ಮೆರೆದಿದ್ದೆ. ನಿಜವಾಗಿ ಬಿಚ್ಚಿಟ್ಟಿದ್ದು ನನ್ನ ಆಸೆಗಳನ್ನು ಮಾತ್ರ. ಇದು ನನ್ನಿಂದ ಆದೀತೋ ಇಲ್ಲವೋ ಅನ್ನುವ ಅನುಮಾನ ಒಳಗೆ ಇದ್ದೇ ಇತ್ತಲ್ಲ, ಅದನ್ನು ಯಾರಿಗೂ ತೋರಿಸಿರಲಿಲ್ಲ. ಕ್ಯಾಲೆಂಡರಿನಲ್ಲಿ ಅದಕ್ಕೊಂದು ಮನೆಯೂ ಇರಲಿಲ್ಲ.

"ಹನ್ನೆರಡಕ್ಕ ಬರತೈತ್ರಿ" ಅಂದುಬಿಟ್ಟೆ!

ನೋಡಿ, ಬುದ್ಧಿ ಬಂತು ಅನ್ನುವಷ್ಟರಲ್ಲೇ ಅದೇ ತಾರೀಕನ್ನು ಮತ್ತೆ ಕೊಟ್ಟು ಬಂದಿದ್ದೆ.

ಹದಿನೇಳು ದಿನ ಹೆಣಗಿದೆ. ಕಂಪ್ಯೂಟರು ಮಾತಾಡಿತು, ಆದರೆ ಟೋಕನ್ ಹದಿನಾಲ್ಕನ್ನು ನಾಲ್ಕು ಸಲ ಹೇಳಿ ಗಪ್ಪನೆ ನಿಂತುಬಿಡುತ್ತಿತ್ತು. ಹನ್ನೊಂದನೇ ತಾರೀಕು ಸಂಜೆ ತಲೆ ಮೇಲೆ ಕೈ ಹೊತ್ತು ಕೂತೆ.

"ನಾಳೆ ಗೇಟು ಮಾತಾಡಬೇಕು, ಅಷ್ಟs ಅಲ್ರಿ?" ಅಂದಳು ಗಿರಿಜಾ. "ಯಾರು ಮಾತಾಡ್ತಾರ ಅಂತ ಕ್ಯಾಲೆಂಡರಿನಾಗ ಬರದೀರೇನು?"

"ಇಲ್ಲ."

"ನಿಮಗ ಬಾಯಿ ಐತಲ್ಲ. ಮನಿಯಾಗಂತೂ ಸುಮ್ಮ ಇರಂಗಿಲ್ಲ. ಹೋಗಿ ಅಲ್ಲಿ ಕುಂದರ್ರಿ."

ಹೀಗೆ ನವೆಂಬರ್ ಹನ್ನೆರಡರಂದು, ಕ್ಯಾಲೆಂಡರಿನಲ್ಲಿ ಅಚ್ಚಾದ ಪ್ರಕಾರ, ಸಿರುಗುಪ್ಪದ ಗೇಟು ಮಾತಾಡಿತು. ಖಾಜಾಸಾಬರ ಪಕ್ಕದ ಸ್ಟೂಲಿನಲ್ಲಿ ಕೂತು ಪರದೆ ನೋಡಿ ನಾನೇ ಕೂಗಿದೆ: "ಟೋಕನ್ ಹದಿನಾಲ್ಕು! ತೇವ ಹದಿನೆಂಟು! ಎರಡನೇ ಗೋದಾಮು!" ಹಿಂದೆಯೇ ಅದನ್ನು ತೆಲುಗಿನಲ್ಲೂ ಕೂಗಿದೆ, ಅಚ್ಚಾಗಿತ್ತಲ್ಲ! ನನ್ನ ತೆಲುಗು ಕೇಳಲಿಕ್ಕೆಂದೇ ಹಮಾಲರು ಮೂಟೆ ಇಳಿಸುವುದು ಬಿಟ್ಟು ಬಂದರು. ಎರಡನೇ ದಿನ ಗಂಟಲು ಕಟ್ಟಿತು. ಕಂಪ್ಯೂಟರಿಗೆ ಬರದ ರೋಗ.

ಇಪ್ಪತ್ತು ದಿನ ಹಾಗೇ ಕೂತೆ. ನಡುನಡುವೆ ಕ್ಯಾಂಟೀನಿಗೆ ಹೋಗಿ ಇಬ್ಬರಿಗೂ ಚಹಾ ತರುತ್ತಿದ್ದೆ. ಸಿರಿಗೇರಿಯ ಟ್ರ್ಯಾಕ್ಟರ್ ತಿರುವಿನಲ್ಲಿ ಇರುವಾಗಲೇ, "ಅದು ಸಿರಿಗೇರಿದು, ಸೈಲೆನ್ಸರ್ ಒಡದೈತಿ, ಕೇಳ್ರಿ" ಅನ್ನುತ್ತಿದ್ದರು ಖಾಜಾಸಾಬ್. ಒಂದು ಭತ್ತದ ಕಾಳು ಹಲ್ಲಿನಲ್ಲಿ ಕಚ್ಚಿ ತೇವ ಹೇಳುತ್ತಿದ್ದರು. ನಮ್ಮ ಯಂತ್ರಕ್ಕೂ ಅವರ ಹಲ್ಲಿಗೂ ಬಹಳ ಅಂತರ ಇರುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದು ಎರಡೇ ಮಾತು, ಟೋಕನ್ ಎಷ್ಟನೆಯದು, ಗೋದಾಮು ಯಾವುದು. ನಾನು ವರ್ಷವಿಡೀ ಅಚ್ಚು ಹಾಕಿಸಿದ್ದ ಉಳಿದ ಭರವಸೆಗಳಲ್ಲಿ ಬಹಳಷ್ಟನ್ನು ಯಾರೂ ಕೇಳಿರಲೇ ಇಲ್ಲ. ಇದನ್ನು ಜನವರಿಯಲ್ಲೇ ಬಂದು ಈ ಸ್ಟೂಲಿನ ಮೇಲೆ ಕೂತು ಕೇಳಬಹುದಿತ್ತು. ಕ್ಯಾಲೆಂಡರ್ ಕಳಿಸುವುದು ಸುಲಭ ಅನಿಸಿತ್ತು, ಅಷ್ಟೇ.

ಎರಡು ಮಾತು ಹೇಳಿಸುವುದು ನನ್ನ ಯೋಗ್ಯತೆಗೆ ನಿಲುಕುವ ಕೆಲಸ. ಡಿಸೆಂಬರಿನ ಮೊದಲ ವಾರದಲ್ಲೇ ಅದು ಮುಗಿಯಿತು. ಈ ಸಲದ ಕ್ಯಾಲೆಂಡರಿನಲ್ಲಿ ಒಂದೂ ಭರವಸೆ ಅಚ್ಚಾಗಿಲ್ಲ. ಪಕ್ಕದಲ್ಲಿ ಖಾಲಿ ಜಾಗ ಬಿಟ್ಟು, ಒಂದು ಪೆನ್ಸಿಲ್ಲಿಗೆ ದಾರ ಕಟ್ಟಿ ತೂಗುಬಿಟ್ಟಿದ್ದೇನೆ. ಮಾತು ಬದಲಾದರೆ ನಾನೇ ಹೋಗಿ ಅಳಿಸಿ, ಯಾಕೆ ಅಂತ ಎದುರಿಗೆ ನಿಂತು ಹೇಳಿ ಬರುತ್ತೇನೆ. ನಮ್ಮ ಮನೆಯ ಪ್ರತಿಯಲ್ಲಿ ಮಾತ್ರ ಗಿರಿಜಾ ಪೆನ್ಸಿಲ್ ಬಿಚ್ಚಿಟ್ಟು ಪೆನ್ನಿನಲ್ಲಿ 'ಫ್ಯಾನು' ಅಂತ ಬರೆದಿದ್ದಾಳೆ.

ಸಿರುಗುಪ್ಪದಲ್ಲಿ ಕಂಪ್ಯೂಟರ್ ಮೊದಲ ಸಲ ತಾನೇ ಮಾತಾಡಿದ ದಿನ ಶರಣಮ್ಮ, ಅವರ ತಮ್ಮ, ಹಮಾಲರು ಎಲ್ಲ ಬಂದು ನಿಂತಿದ್ದರು. ಟ್ರ್ಯಾಕ್ಟರ್ ಬಂತು. "ಟೋಕನ್ ಏಳು, ಮೊದಲನೇ ಗೋದಾಮು" ಅಂದಿತು ಸ್ಪೀಕರಿನ ಡಬ್ಬಿ, ಸ್ಪಷ್ಟವಾಗಿ. ಖಾಜಾಸಾಬ್ ತಡವರಿಸದೆ ಚೀಟಿ ಹರಿದು ಡ್ರೈವರನ ಕೈಗಿಟ್ಟರು. ಶರಣಮ್ಮನ ತಮ್ಮ ಒಳಗೆ ಹೋದ. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

"ಹೆಂಗೈತಿ ಚಾಚಾ, ಹೊಸಾದು?" ಅಂತ ಕೇಳಿದರು ಶರಣಮ್ಮ.

ಖಾಜಾಸಾಬ್ ಇನ್ನೊಂದು ಟೋಕನ್ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿದರು.

"ಛಲೋ ಐತ್ರಿ ಅಮ್ಮಾರ. ಆದ್ರ ಹಳೇದು ಇನ್ನಾ ಛಲೋ ಇತ್ತು. ಅದು ಚಾ ತಂದು ಕೊಡತಿತ್ತು."