ಮೊಸರಿನಲ್ಲಿ ಸಿಕ್ಕ ಸೌತೆಕಾಯಿ

ಗಂಡಂದಿರು ನಿವೃತ್ತರಾದ ಮೇಲೆ ಹೆಂಗಸರಿಗೆ ಬರುವ ಕಷ್ಟಗಳಲ್ಲಿ ನನ್ನದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ಪಕ್ಕದ ಮನೆಯಾಕೆಯ ಗಂಡ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನು ತಿರುಗಿಸಿ ತಿರುಗಿಸಿ ಇಡುತ್ತಾರಂತೆ, ಅಷ್ಟೆ. ನಮ್ಮವರು, ವಿಮಾ ಕಚೇರಿಯ ದಿಗಂಬರರಾಯರು, ಪುಣೆಯ ವಿಶ್ವವಿದ್ಯಾಲಯವೊಂದರಲ್ಲಿ ಬಯೋಇನ್‌ಫರ್ಮ್ಯಾಟಿಕ್ಸ್ ಎಂ.ಎಸ್ಸಿ.ಗೆ ಸೇರಿಬಿಟ್ಟರು. (ಯೌವನದಲ್ಲಿ ಸಸ್ಯಶಾಸ್ತ್ರ ಓದಿದ್ದರಂತೆ. ಬಾಲ್ಕನಿಯ ತುಳಸಿಗೆ ಒಮ್ಮೆಯೂ ನೀರು ಹಾಕಿದವರಲ್ಲ.)

ಪ್ರತಿ ಜೀವಿಯೊಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹವಿದೆಯಂತೆ. ಅದನ್ನು ಕಂಪ್ಯೂಟರಿಗೆ ಉಣಿಸಿ ಯಾರು ಯಾರ ನೆಂಟರೆಂದು ಪತ್ತೆಹಚ್ಚುವುದೇ ಈ ವಿದ್ಯೆ. ಅಷ್ಟಕ್ಕೆ ಮದುವೆಮನೆಯ ಪಂಕ್ತಿಯಲ್ಲಿ ನನ್ನನ್ನು ಕೂರಿಸಿದ್ದರೆ ಸಾಕಿತ್ತು. ಆದರೆ ಹೇಳುವುದು ಅವರ ಕೆಲಸ, ಕೇಳುವುದು ನನ್ನದು. ಗಟ್ಟಿಯಾಗಿ ಒಪ್ಪಿಸದಿದ್ದರೆ ಅವರ ತಲೆಗೆ ಪಾಠ ಹತ್ತುವುದಿಲ್ಲ. ಭಾಕರಿ ತಟ್ಟುವಾಗ ಜೀನೋಮ್, ಪಾತ್ರೆ ತೊಳೆಯುವಾಗ ಅಲ್ಗಾರಿದಮ್. ಸಂಜೆ ದೀಪ ಹಚ್ಚಿ ಕಣ್ಣು ಮುಚ್ಚಿದರೆ ವಿಠೋಬನ ಬದಲು ಎ, ಸಿ, ಜಿ, ಟಿ ಕುಣಿಯತೊಡಗಿದವು.

ಕಾರ್ತಿಕ ಏಕಾದಶಿಗೆ ಇಬ್ಬರೂ ನಡೆದು ಪಂಢರಪುರಕ್ಕೆ ಹೋಗಬೇಕೆಂಬುದು ನನ್ನ ಬಹಳ ವರ್ಷಗಳ ಆಸೆ.

"ಪ್ರಾಜೆಕ್ಟ್ ಪಾಸಾದ್ರೆ ಬರ್ತೀನಿ ನಲಿನಿ. ಫೇಲಾದ್ರೆ ಅದೇ ಸೆಮಿಸ್ಟರ್ ಮತ್ತೆ ಓದ್ಬೇಕು."

ಮತ್ತೆ! ನೇರ ದೇವರ ಮುಂದೆ ಹೋಗಿ ನಿಂತೆ. "ವಿಠೋಬಾ, ಇವರನ್ನು ಪಾಸು ಮಾಡಿಸು, ನಿನ್ನ ದಾರಿಗೆ ಕರೆಸಿಕೋ" ಎಂದು ಬೇಡಿಕೊಂಡೆ.

ಪ್ರಾಜೆಕ್ಟಿಗೆ ಆರಿಸಿದ್ದು ನಮ್ಮ ಮನೆಯ ಮೊಸರನ್ನು. ಮದುವೆಯ ವರ್ಷ ಅತ್ತೆ ಕೊಟ್ಟ ಹೆಪ್ಪನ್ನು ನಾನು ಈವರೆಗೆ ಮುಗಿಯಲು ಬಿಟ್ಟಿಲ್ಲ. "ಒಂದೇ ಕುಲ, ಶುದ್ಧ ಕುಲ! ನನ್ನ ಪ್ರೋಗ್ರಾಂ ಸಾಬೀತು ಮಾಡುತ್ತೆ ನೋಡು" ಎಂದು ಘೋಷಿಸಿ, ಗೋಕುಲಾಷ್ಟಮಿ ಮುಗಿದ ಮರುದಿನ ಒಂದು ಸೀಸೆ ಮೊಸರನ್ನು ಪ್ರಯೋಗಾಲಯಕ್ಕೆ ಹೊತ್ತುಕೊಂಡು ಹೋದರು.

ಕೆಲವು ವಾರಗಳ ನಂತರ ಬಿಳಿಚಿಕೊಂಡು ಮನೆಗೆ ಬಂದರು.

"ನಲಿನಿ, ಮೊಸರಲ್ಲಿ ಸೌತೆಕಾಯಿ ಇದೆ."

"ಇದ್ರೆ ಇರ್ಲಿ, ಉಪ್ಪು ಹಾಕ್ಕೊಂಡು ತಿನ್ನಿ."

"ಜೀನೋಮ್ ಕಣೇ! ಸೌತೆಕಾಯಿಯ ಜೀನೋಮು! ಬ್ಯಾಕ್ಟೀರಿಯಾ ಒಂದು ಕುಲ ಇರೋ ಕಡೆ ಆರು ಕುಲ ತೋರಿಸ್ತಿದೆ. ಪ್ರೋಗ್ರಾಮೇ ಕೆಟ್ಟಿದೆ."

ಅಂದಿನಿಂದ ಅವರು ಪ್ರೋಗ್ರಾಮನ್ನು ಬಿಚ್ಚುವುದು, ಹೊಲಿಯುವುದು. ಸೌತೆಕಾಯಿ ಅಲುಗಲಿಲ್ಲ. ಊಟ ಬಿಟ್ಟರು, ಮಾತು ಮಾತ್ರ ಬಿಡಲಿಲ್ಲ. ಪ್ರತಿ ಸಾಲನ್ನೂ ನನಗೆ ಓದಿ ಹೇಳಿದರು. ನಾನು ಹೂಂಗುಟ್ಟುತ್ತಾ ಹೂಂಗುಟ್ಟುತ್ತಾ ನಿದ್ದೆಯಲ್ಲೂ ಹೂಂಗುಟ್ಟುವ ಸ್ಥಿತಿಗೆ ಬಂದೆ.

ಒಂದು ಬೆಳಿಗ್ಗೆ ಮತ್ತೆ ಶುರುವಾಯಿತು. "ಭತ್ತ ಅಂತೆ, ಜೋಳ ಅಂತೆ, ಕಡಲೆ, ಸೌತೆಕಾಯಿ, ತೆಂಗು, ಹಸಿಮೆಣಸು…"

ಹಿಟ್ಟಿನಲ್ಲಿ ನನ್ನ ಕೈ ನಿಂತಿತು. "ಅವಲಕ್ಕಿ, ಜೋಳದ ಅರಳು, ಕಡಲೆಬೇಳೆ… ರೀ, ಇದು ಕಾಲಾ ಅಲ್ವೇನ್ರೀ?"

ಗೋಕುಲಾಷ್ಟಮಿಗೆ ನಮ್ಮ ಕಟ್ಟಡದ ಮನೆಮನೆಯಿಂದಲೂ ಮೊಸರು ತಂದು, ಒಂದೇ ಪಾತ್ರೆಯಲ್ಲಿ ಸುರಿದು, ಇವೆಲ್ಲವನ್ನೂ ಬೆರೆಸಿ ಕೃಷ್ಣನಿಗೆ ನೈವೇದ್ಯ ಮಾಡುತ್ತೇವೆ, ಅದೇ ಕಾಲಾ. ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ದೇವರ ಪ್ರಸಾದವನ್ನು ಚರಂಡಿಗೆ ತೊಳೆಯಲಾದೀತೇ? ಅಂದು ಹೆಪ್ಪು ಹಾಕುವಾಗ ಅದನ್ನೂ ಬೆಚ್ಚಗಿನ ಹಾಲಿಗೆ ಸೇರಿಸಿದ್ದೆ. ಮೊಸರು ಕಲ್ಲಿನಂತೆ ಹೆಪ್ಪುಗಟ್ಟಿತ್ತು.

"ನಮ್ಮಮ್ಮನ ಹೆಪ್ಪು! ಶುದ್ಧ ಕುಲ!" ರಾಯರು ತಲೆ ಹಿಡಿದು ಕುಳಿತರು.

"ಮೊಸರಿಗೂ ನಾಲ್ಕು ಜನ ನೆಂಟರಿರ್ಲಿ ಬಿಡಿ."

(ಆರರಲ್ಲಿ ಒಂದು ಕುಲ ಅಂಗಡಿಯ ಪ್ಯಾಕೆಟ್ಟಿನದಂತೆ. "ಎಮ್ಮೆ ಹಾಲು ತಂದು ಮನೇಲೇ ಹೆಪ್ಪು ಹಾಕಿದ್ದು" ಎಂದು ಮಹಡಿಯ ಇಂದುತಾಯಿ ಅಂದು ಎಲ್ಲರೆದುರು ಹೇಳಿದ್ದರು. ನಾನು ಯಾರಿಗೂ ಬಾಯಿ ಬಿಟ್ಟಿಲ್ಲ, ನಿಮ್ಮನ್ನು ಬಿಟ್ಟು.)

ಮರುದಿನ ನನ್ನನ್ನು ಅಪರಾಧಿಯಂತೆ ಋತುಜಾ ಮೇಡಂ ಮುಂದೆ ನಿಲ್ಲಿಸಿದರು. ಆಕೆ ಇವರ ಗುರು, ವಯಸ್ಸಿನಲ್ಲಿ ನಮ್ಮ ಮಗಳಿಗಿಂತ ಚಿಕ್ಕವಳು. ಎಲ್ಲವನ್ನೂ ಕೇಳಿ, "ಕಾಕೂ, ಎಷ್ಟು ಮನೆ ಮೊಸರು ಸೇರಿತ್ತು?" ಎಂದಳು. (ಅವಳಿಗೆ ನಾನು ಕಾಕೂ, ಅಂದರೆ ಚಿಕ್ಕಮ್ಮ; ಇವರು ಕಾಕಾ.)

"ನಮ್ಮದೂ ಸೇರಿ ಆರಮ್ಮ."

"ಕಾಕಾ! ನಿಮ್ಮ ಪ್ರೋಗ್ರಾಂ ಹೇಳಿದ್ದೂ ಆರೇ! ಅದು ಕೆಟ್ಟಿಲ್ಲ. ನಮಗೇ ಗೊತ್ತಿಲ್ಲದ್ದನ್ನ ಕಂಡುಹಿಡಿದಿದೆ. ನೀವು ಪಾಸು."

ಅಲ್ಲೇ ಕೈಮುಗಿದೆ. ಸಂತೋಷ ತಡೆಯಲಾಗದೆ ಬಾಯಿ ಜಾರಿತು: "ಸದ್ಯ! ಇನ್ನು ಇವರು ಕಾರ್ತಿಕಕ್ಕೆ ನನ್ನ ಜೊತೆ ಪಂಢರಪುರಕ್ಕೆ ಬರ್ತಾರೆ."

ಹುಡುಗಿಯ ಕಣ್ಣರಳಿತು. "ಪಂಢರಪುರ! ಯಾತ್ರೆಯ ಕೊನೇಲಿ ಅಲ್ಲೂ ಕಾಲಾ ಆಗುತ್ತಲ್ವಾ ಕಾಕೂ? ಊರೂರಿನ ಮೊಸರು! ಕಾಕಾ, ಮುಂದಿನ ಪ್ರಾಜೆಕ್ಟು!"

ನಮ್ಮವರ ಮುಖದಲ್ಲಿ ಅಂಥ ಭಕ್ತಿಯನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಈಗ ನಡೆಯುತ್ತಿದ್ದೇವೆ. ಮುಂದಿನ ಹೆಂಗಸರ ತಲೆಯ ಮೇಲೆ ತುಳಸಿಯ ಕುಂಡ, ನನ್ನ ತಲೆಯ ಮೇಲೆ ಗಾಜಿನ ನಳಿಕೆಗಳು ತುಂಬಿದ ಮಂಜುಗಡ್ಡೆಯ ಪೆಟ್ಟಿಗೆ. (ನಮ್ಮವರಿಗೆ ಸೊಂಟ ನೋವು, ಬಾಯಿ ಚೆನ್ನಾಗಿದೆ.) ಎರಡು ಭಜನೆಗಳ ನಡುವೆ ಉಸಿರೆಳೆಯುವಷ್ಟು ಬಿಡುವು ಸಿಕ್ಕರೂ ಮುಂದಿನ ಸೆಮಿಸ್ಟರಿನ ಪಾಠ. ನಾನು ಬೇಡಿದ್ದನ್ನು ವಿಠೋಬ ಒಂದಕ್ಷರ ಬಿಡದೆ ಕೊಟ್ಟ. ಬೇಡಿಕೊಳ್ಳುವಾಗ 'ಮೌನವಾಗಿ' ಎಂಬ ಪದ ಸೇರಿಸಲು ಮರೆತದ್ದು ನಾನೇ.

ದಾರಿಯಲ್ಲಿ ಒಬ್ಬ ಮುದುಕಿ ನನ್ನ ಪೆಟ್ಟಿಗೆಗೆ ಕೈಮುಗಿದು, "ಮಾವುಲಿ, ಇದ್ಯಾವ ದೇವ್ರು ತಾಯಿ?" ಎಂದಳು. (ಈ ದಾರಿಯಲ್ಲಿ ಎಲ್ಲರಿಗೂ ಎಲ್ಲರೂ ಮಾವುಲಿ, ಅಂದರೆ ತಾಯಿ.)

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ಹೇಳ್ತೀನಿ ಬನ್ನಿ ಮಾವುಲಿ. ಮೊದಲು ಜೀನೋಮ್ ಅಂದ್ರೆ ಏನಪ್ಪಾ ಅಂದ್ರೆ…"

ಅಜ್ಜಿ ಬಲು ಚುರುಕು, ಸರಸರನೆ ಮುಂದೆ ನಡೆದುಬಿಟ್ಟಳು. ತಲೆಯ ಮೇಲೆ ಪೆಟ್ಟಿಗೆ ಹೊತ್ತ ನಾನು ಎಲ್ಲಿಗೆ ಓಡಲಿ?

"ಹೂಂ" ಎಂದೆ.