ವಿಶ್ವ ಹಿಗ್ಗಿದ್ದಕ್ಕೆ ಮಂಜೂರಾತಿ

ವಿಶ್ವವು ಹುಟ್ಟಿದ ಮರುಕ್ಷಣವೇ ಹಠಾತ್ತನೆ ಹಿಗ್ಗಿದ್ದಕ್ಕೆ ೧೯೮೪ರ ಜುಲೈವರೆಗೆ ಯಾವ ಕಚೇರಿಯ ಮಂಜೂರಾತಿಯೂ ಇರಲಿಲ್ಲ. ಅದನ್ನು ಕೊಡಿಸಿದವನು ನಾನು. ಆಗ ಜಯನಗರದ ಕಣ ಸಂಶೋಧನಾ ಮಂಡಳಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲ.

ನಮ್ಮ ವಿಜ್ಞಾನಿ ದೇವದಾಸ್ ಎಂಟು ವರ್ಷ ಕೂತು ಒಂದು ಪ್ರಬಂಧ ಬರೆದಿದ್ದರು. ಒಮ್ಮೆಯಾದರೂ ತಮ್ಮ ಹೆಸರು ಅಚ್ಚಾಗಬೇಕೆಂಬುದು ಅವರ ಆಸೆ. ವಿಜ್ಞಾನ ಸಮ್ಮೇಳನಕ್ಕೆ ಕಳಿಸಲು ಕೊನೆಯ ದಿನ ಬಂದಿತ್ತು; ಅಂದಿನ ಸಂಜೆ ಟಪಾಲಿಗೇ ಅದು ಹೋಗಬೇಕು. ನಿಯಮದಂತೆ ಕಡತ ಮೊದಲು ಕೇಸ್ ವರ್ಕರ್ ನಾಗಲಕ್ಷ್ಮಮ್ಮನವರ ಮೇಜಿಗೆ ಬಂತು. ತ್ಯಾಗರಾಜನಗರದ ಮನೆಗೆ ಊಟಕ್ಕೆ ಹೋಗಿದ್ದ ಅವರು ಮೂರಕ್ಕೆ ಬಂದು ಅದನ್ನು ಬಿಚ್ಚಿ, ಎದುರಿಗೆ ಕಾದು ಕೂತಿದ್ದ ದೇವದಾಸ್ ಅವರನ್ನು ಕೇಳಿದರು.

"ಏನಿದೆ ಅಂತ ನಾಲ್ಕು ಮಾತಲ್ಲಿ ಹೇಳಿ ಸಾರ್, ಟಿಪ್ಪಣಿ ಬರೀಬೇಕು."

"ಕಣಗಳು ಯಾಕೆ ಇಷ್ಟು ಹಗುರ ಅನ್ನೋದು ಮೇಡಂ. ವಿಶ್ವ ಹಿಗ್ತಿದ್ದಾಗ ಅವುಗಳ ತೂಕ ಇಳೀತಾ ಇಳೀತಾ ಬಂದು ಒಂದು ಕಡೆ ನಿಂತುಬಿಡ್ತು."

"ಯಾರ ಆದೇಶದ ಮೇಲೆ?"

"ತಾನಾಗೇ."

ನಾಗಲಕ್ಷ್ಮಮ್ಮ ಪೆನ್ನಿಗೆ ಕ್ಯಾಪ್ ಹಾಕಿದರು. "ತಾನಾಗೇ ಅಂತ ಬರೆದ್ರೆ ಆಡಿಟ್‌ನೋರು ನನ್ನ ಇನ್‌ಕ್ರಿಮೆಂಟ್ ನಿಲ್ಲಿಸ್ತಾರೆ. ಅದಕ್ಕೆ ಮಾತ್ರ ಆದೇಶ ಬಂದೇ ಬರುತ್ತೆ."

"ಆಗ ಕಚೇರಿನೇ ಇರಲಿಲ್ಲ ಮೇಡಂ!"

"ಹಾಗಾದ್ರೆ ಇನ್‌ಚಾರ್ಜ್ ಯಾರಿದ್ರು?"

ಇಲ್ಲಿ ನನ್ನ ಪ್ರವೇಶ. ಬನಶಂಕರಿ ಆಚೆ ಎದ್ದ ಅನಧಿಕೃತ ಮನೆಗಳೇ ಸಕ್ರಮವಾಗುವಾಗ ಒಂದು ವಿಶ್ವ ಯಾವ ಲೆಕ್ಕ? ನಿಂತಲ್ಲೇ ಬರೆಸಿದೆ:

"ಸದರಿ ವಿಶ್ವವು ಪೂರ್ವಾನುಮತಿ ಇಲ್ಲದೆ ಹಿಗ್ಗಿರುವುದನ್ನು ಗಂಭೀರವಾಗಿ ಪರಿಗಣಿಸಿ, ಮೊದಲ ತಪ್ಪೆಂದು ಮನ್ನಿಸಿ, ಘಟನೋತ್ತರ ಮಂಜೂರಾತಿ ನೀಡಲಾಗಿದೆ. ಕಣಗಳು ಮುಂದಿನ ಆದೇಶದವರೆಗೆ ಈಗಿರುವ ತೂಕದಲ್ಲೇ ಮುಂದುವರಿಯತಕ್ಕದ್ದು."

ನಾಲ್ಕೂವರೆಗೆ ನಿರ್ದೇಶಕರ ಸಹಿ ಬಿತ್ತು. ಆದೇಶ ಮಂಡಳಿಯದಾದ ಮೇಲೆ ತೂಕ ನಿಗದಿ ಮಾಡಿದವರೂ ಮಂಡಳಿಯವರೇ ತಾನೇ? ಹಾಗಾಗಿ ಪ್ರಬಂಧದ ಲೇಖಕರ ಜಾಗದಲ್ಲಿ ನಿರ್ದೇಶಕರು, ನಾನು, ನಾಗಲಕ್ಷ್ಮಮ್ಮ, ಹೀಗೆ ಸೇವಾ ಹಿರಿತನದ ಪ್ರಕಾರ ಟೈಪಾಯಿತು. ದೇವದಾಸ್ ಎರಡು ಸಲ ಓದಿದರು.

"ಸಾರ್, ನನ್ನ ಹೆಸರು?"

"ನಿಮ್ಮನ್ನ ಬಿಡ್ತೀವಾ ದೇವದಾಸ್? ಕೊನೇ ಪುಟ ನೋಡಿ."

ಕೊನೆಯ ಪುಟದ ಅಡಿಯಲ್ಲಿತ್ತು: "ಪ್ರತಿ, ಶ್ರೀ ದೇವದಾಸ್ ಇವರಿಗೆ, ಮಾಹಿತಿಗಾಗಿ."

ಅವರು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆಮೇಲೆ ಲಕೋಟೆಗೆ ತಾವೇ ಅಂಟು ಹಚ್ಚಿ, ಪ್ರತಿ ತಲುಪಿದೆ ಎಂದು ಸಹಿ ಹಾಕಿ, "ಸ್ಪೆಲಿಂಗ್ ಸರಿಯಾಗಿದೆ, ಥ್ಯಾಂಕ್ಸ್ ಸಾರ್" ಎಂದು ಅಂಚೆ ಕಚೇರಿಗೆ ಓಡಿದರು.