ಸೋಬಾನೆಗಿಂತ ಮೊದಲು ಬಂದ ಡೆನ್ಮಾರ್ಕ್

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗೆ ವಿವರಿಸುವ ಚಟ. ತಾಳವಾಡಿಯಲ್ಲಿ ವಿಜ್ಞಾನದ ಮೇಷ್ಟ್ರಾದ ಮೇಲೆ ಅದಕ್ಕೆ ಸಂಬಳವೂ ಸಿಗತೊಡಗಿ ರೋಗ ಬಲಿತುಹೋಯಿತು. ಎಪ್ಪತ್ತರ ದಶಕದ ಕೊನೆಗೆ ನಾನೊಂದು ಟೇಪ್ ರೆಕಾರ್ಡರ್ ಕೊಂಡೆ. ಬೇರೆಯವರಾಗಿದ್ದರೆ ಅದರಲ್ಲಿ ಹಾಡು ಕೇಳುತ್ತಿದ್ದರು. ನಾನು ಮನೆಗೆ ಬಂದವರಿಗೆಲ್ಲ ಅದರ ಚರಿತ್ರೆ ಹೇಳಿದೆ. ಡೆನ್ಮಾರ್ಕಿನ ಟೆಲಿಫೋನ್ ಎಂಜಿನಿಯರೊಬ್ಬ ಉಕ್ಕಿನ ತಂತಿಯಲ್ಲಿ ಮಾತು ಹಿಡಿದದ್ದು, ಆಮೇಲೆ ಜರ್ಮನಿಯಲ್ಲಿ ಸಿಗರೇಟಿನ ಕಾಗದಕ್ಕೆ ಹೊಂಬಣ್ಣ ಬಳಿಯುತ್ತಿದ್ದವನೊಬ್ಬ ಅದೇ ಉಪಾಯದಿಂದ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಬಳಿದದ್ದು, ಇಷ್ಟು ಮುಗಿಯುವಷ್ಟರಲ್ಲಿ ಬಂದವರ ಕಾಫಿ ಆರಿ, ಮುಖವೂ ಬಾಡಿರುತ್ತಿತ್ತು.

ನನ್ನ ಹೆಂಡತಿ ಶಿವಮ್ಮನ ಅಜ್ಜಿ ಗೆಟ್ಟವಾಡಿಯಲ್ಲಿದ್ದರು. ಅವರು ಸೋಬಾನೆ ಹೇಳದೆ ಆ ಮನೆತನದ ಯಾವ ಹೆಣ್ಣೂ ಹಸೆಮಣೆ ಏರಿದ್ದಿಲ್ಲ. ಕಿರಿಯ ಮೊಮ್ಮಗಳ ಮದುವೆ ಚಾಮರಾಜನಗರದಲ್ಲಿ ಗೊತ್ತಾದಾಗಲೇ ಅಜ್ಜಿ ಜಾರಿಬಿದ್ದು ಕಾಲು ಮುರಿದುಕೊಂಡರು. "ಅಜ್ಜಿ ಸೋಬಾನ ಯೋಳ್ದೆ ನಾ ಅಸೆ ಮ್ಯಾಲ ಕೂರಕಿಲ್ಲ" ಎಂದು ಮದುಮಗಳು ಅತ್ತಳು. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಅಂತೂ ನನ್ನ ಪೆಟ್ಟಿಗೆಗೊಂದು ಕೆಲಸ ಬಂತು. ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಅಜ್ಜಿಯ ಸೋಬಾನೆ ಹಿಡಿದು ತರಲು ಶಿವಮ್ಮನ ಜೊತೆ ಗೆಟ್ಟವಾಡಿಗೆ ಹೋದೆ. ಅಜ್ಜಿ ಅನುಮಾನದಿಂದ ನೋಡಿದರು.

"ನನ್ ದನಿ ಇದ್ರೊಳಕ್ಕ ವೋಗ್ಬುಟ್ರ ನಂಗ ಉಳಿತದಾ ಅಳಿಯಪ್ಪಾ?"

ಎಂಥ ಪ್ರಶ್ನೆ! ಗುಂಡಿ ಒತ್ತಿಟ್ಟುಕೊಂಡು ಡೆನ್ಮಾರ್ಕಿನಿಂದಲೇ ಶುರುಮಾಡಿದೆ. ತಂತಿ ಮುಗಿದು ಕಾಗದಕ್ಕೆ ಬರುವಷ್ಟರಲ್ಲಿ ಅಜ್ಜಿ ಮೊಮ್ಮಗಳ ಕಡೆ ತಿರುಗಿದರು.

"ಅಲ್ಲ ಕಣವ್ವ ಶಿವಿ, ಈ ಪೆಟ್ಗ ಬಾಯ್ ಮುಚ್ಸಕ ಗುಂಡಿ ಮಡಗವ್ರ. ನಿನ್ ಗಂಡನ್ಗ ಎಲ್ಲವ್ವ ಮಡಗವ್ರ?"

ಶಿವಮ್ಮ ನಕ್ಕಳು, ಅಜ್ಜಿಯೂ ನಕ್ಕರು. ಆ ನಗುವಿನ ಬೆನ್ನಿಗೇ ಸೋಬಾನೆ ಹೊರಟಿತು. ಮುರಿದ ಕಾಲು ಅಲ್ಲಾಡಲಿಲ್ಲ. ಇನ್ನೊಂದು ಕಾಲು ತಾಳ ಹಾಕುತ್ತಿತ್ತು. ನಾನು, ಅಪರೂಪಕ್ಕೆ, ಸುಮ್ಮನೆ ಕೇಳಿದೆ.

ಮದುವೆಯ ಚಪ್ಪರದಲ್ಲಿ ಪೆಟ್ಟಿಗೆಯನ್ನು ಮೈಕಿನ ಮುಂದಿಟ್ಟು ಗತ್ತಿನಿಂದ ಗುಂಡಿ ಒತ್ತಿದೆ. "ನೋಡಿ ಅಜ್ಜಿ, ಡೆನ್ಮಾರ್ಕ್ ಅಂತ ಒಂದು ದೇಶ..." ಎಂದು ನನ್ನದೇ ದನಿ ಇಡೀ ಬೀದಿಗೆ ಪಾಠ ಶುರುಮಾಡಿತು! ಬೆವರುತ್ತ ನಿಲ್ಲಿಸಲು ಕೈಚಾಚಿದರೆ, ಮದುಮಗಳು ಹಸೆಯ ಮೇಲಿಂದಲೇ ಕೂಗಿದಳು: "ನಿಲ್ಲಿಸ್ಬ್ಯಾಡಿ ಬಾವಾ! ಅಜ್ಜಿ ಕೆಮ್ತಾವ್ರ!"

ನನ್ನ ಪಾಠದ ಹಿಂದಿದ್ದ ಅಜ್ಜಿಯ ಕೆಮ್ಮು ಅವಳಿಗೆ ಕೇಳಿಸಿತ್ತು. ಎಲ್ಲರೂ ಕಿವಿಗೊಟ್ಟರು. ಗುಂಡಿಯ ಮಾತು ಬಂದಾಗ ಮಂತ್ರ ಹೇಳುತ್ತಿದ್ದ ಅಯ್ಯನವರೂ ನಕ್ಕರು. ಆಮೇಲೆ ಸೋಬಾನೆ ಎದ್ದಿತು. ಬೀಗರ ಕಡೆಯ ಹೆಂಗಸರೆಲ್ಲ ದನಿಗೂಡಿಸಿದರು. ಮದುಮಗಳು ಅಳುತ್ತ ನಗುತ್ತ ಧಾರೆ ಎರೆಸಿಕೊಂಡಳು.

ಮುಂದಿನ ಲಗ್ನಗಳ ಕಾಲಕ್ಕೆ ತಾಳಮಲೆಯ ಯಜಮಾನರೊಬ್ಬರು ಬಾಳೆಗೊನೆ ಸಮೇತ ಮನೆಗೆ ಬಂದರು. "ನಮ್ಮವ್ವಂದೂ ಪದ ಟೇಪ್ನಾಗ ಇಡ್ಕೊಡ್ಬೇಕು ಮೇಷ್ಟ್ರೇ. ಪೆಟ್ಗ ಕೊಟ್ಟು ನಿಮ್ಮನೆವ್ರನ್ನ ಕಳ್ಸಿ. ನೀವು..." ಎಂದು ತಡವರಿಸಿ, "ನೀವು ಊಟದೊತ್ಗ ಬಂದ್ರ ಸಾಕು" ಎಂದರು.

ಶಿವಮ್ಮ ಪೆಟ್ಟಿಗೆ ಹಿಡಿದು ಮೊದಲೇ ಹೋದಳು, ನಾನು ಮದುವೆಯ ಊಟದ ಹೊತ್ತಿಗೆ ಹೋದೆ. ಪಾಯಸ ಬಡಿಸುವವರು ನನ್ನ ಎಲೆಯ ಮುಂದೆ ನಿಂತು, "ಟೇಪಮ್ಮನೋರ ಯಜಮಾನ್ರಾ?" ಎಂದು ವಿಚಾರಿಸಿ, ಒಂದು ಸೌಟು ಹೆಚ್ಚಿಗೆ ಹಾಕಿದರು.